ವಿದೇಶಿ ಹೂಡಿಕೆದಾರರಿಗೆ ನಾನು ಮೊದಲು ತೋರಿಸುವುದು ಜನರೇಟರ್ ಲಾಗ್‌ಬುಕ್

ಹೊರದೇಶದ ಮಧ್ಯಮ ಗಾತ್ರದ ಕಂಪನಿಗಳು ಕರ್ನಾಟಕದಲ್ಲಿ ಕಾರ್ಖಾನೆ ಹಾಕಲು ಬಂದರೆ ಅವರ ಜೊತೆ ಓಡಾಡುವುದು ನನ್ನ ಕೆಲಸ. ಜಾಗ, ಕಂಪನಿ ನೋಂದಣಿ, ರಿಸರ್ವ್ ಬ್ಯಾಂಕಿನ ಕಾಗದಪತ್ರ, ಕರೆಂಟು, ನೀರು, ಎಲ್ಲವೂ. ಹೆಚ್ಚಿನವರು ಜಪಾನಿನವರು, ವಾಹನಗಳ ಬಿಡಿಭಾಗ ಮಾಡುವವರು.

ಟಿವಿಯಲ್ಲಿ ಇಷ್ಟು ಲಕ್ಷ ಕೋಟಿ ಹೂಡಿಕೆ ಅಂತ ಬಂದಾಗಲೆಲ್ಲ ನೆಂಟರು ಫೋನ್ ಮಾಡಿ, ಅಷ್ಟೆಲ್ಲ ದುಡ್ಡು ನಿಜವಾಗ್ಲೂ ಬರುತ್ತಾ ಅಂತ ಕೇಳುತ್ತಾರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶ ಮುಗಿದಾಗ 10.27 ಲಕ್ಷ ಕೋಟಿ ಅಂದರು. ಅದು ಬರುತ್ತೇವೆ ಅಂದವರ ಲೆಕ್ಕ, ಬಂದವರದ್ದಲ್ಲ. 2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಕೂಡ ಗದಗದ ಹಳ್ಳಿಗುಡಿಯಲ್ಲಿ 32 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ ಹಾಕುತ್ತೇವೆ ಅಂತ ಸಹಿ ಮಾಡಿತ್ತು. ರೈತರು ಜಮೀನು ಕೊಡಲ್ಲ ಅಂದರು, ತೋಂಟದಾರ್ಯ ಮಠದ ಸ್ವಾಮೀಜಿ ಅವರ ಜೊತೆ ನಿಂತರು, 2013ರಲ್ಲಿ ಕಂಪನಿ ಕೈಬಿಟ್ಟಿತು.

ರ‍್ಯಾಂಕ್ ಕಥೆಯೂ ಹಾಗೇ. ವಿಶ್ವ ಬ್ಯಾಂಕಿನ ಸುಲಲಿತ ವ್ಯವಹಾರದ ಪಟ್ಟಿಯಲ್ಲಿ ಭಾರತ 142ನೇ ಸ್ಥಾನದಿಂದ 63ಕ್ಕೆ ಏರಿತು. ಆದರೆ ಆ ಪಟ್ಟಿಗೆ ಭಾರತದಲ್ಲಿ ಅಳೆದದ್ದು ದೆಹಲಿ ಮತ್ತು ಮುಂಬೈ ಮಾತ್ರ. ಅಂಕಿಅಂಶದಲ್ಲಿ ಗೋಲ್‌ಮಾಲ್ ಕಂಡುಬಂದು 2021ರಲ್ಲಿ ಬ್ಯಾಂಕೇ ಅದನ್ನು ನಿಲ್ಲಿಸಿತು. ನನ್ನ ಗಿರಾಕಿಗಳಲ್ಲಿ ಒಬ್ಬರೂ ಅದನ್ನು ನೋಡಿ ಬಂದವರಲ್ಲ.

ಹಾಗಾದರೆ ಏನು ನೋಡಿ ಬರುತ್ತಾರೆ? ಒಂದು ಕಂಪನಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಅವರ ಮುಂದೆ ವಿಯೆಟ್ನಾಂ ಇತ್ತು, ತಮಿಳುನಾಡು ಇತ್ತು, ಆಂಧ್ರ ಇತ್ತು, ನಮ್ಮ ಕರ್ನಾಟಕವೂ ಇತ್ತು. ಸುಮ್ನೆ ಕಾಗದದ ಮೇಲೆ ನೋಡಿದರೆ ವಿಯೆಟ್ನಾಂ ಗೆಲ್ಲಬೇಕಿತ್ತು. ಅಲ್ಲಿ ಕಂಪನಿ ತೆರಿಗೆ ಶೇ. 20. ಆರ್‌ಸಿಇಪಿ ವ್ಯಾಪಾರ ಒಪ್ಪಂದದಲ್ಲಿ ಅವರಿದ್ದಾರೆ, ಭಾರತ 2019ರಲ್ಲಿ ಹೊರಗೆ ಬಂತು. ಜಪಾನಿನ ಹೆಡ್ ಆಫೀಸು ಮಾಡಿದ್ದ ಪಿಪಿಟಿಯಲ್ಲಿ ಭಾರತದಲ್ಲಿ ಹೊಸ ಕಾರ್ಖಾನೆಗೆ ಶೇ. 15 ತೆರಿಗೆ ಅಂತ ಬರೆದಿತ್ತು. 2019ರಲ್ಲಿ ಅದು ಬಂದದ್ದು ಹೌದು, ಆದರೆ 2024ರ ಮಾರ್ಚ್ 31ರೊಳಗೆ ಉತ್ಪಾದನೆ ಶುರು ಮಾಡಿದವರಿಗೆ ಮಾತ್ರ. ಈಗ ಶೇ. 22, ಸರ್ಚಾರ್ಜ್ ಸೆಸ್ ಎಲ್ಲ ಸೇರಿ 25.17. ಇದನ್ನು ಮೊದಲನೇ ಮೀಟಿಂಗಿನಲ್ಲೇ ಹೇಳಿಬಿಟ್ಟೆ. ಮುಖ ಸ್ವಲ್ಪ ಬಾಡಿತು, ಆದರೆ ಆಮೇಲೆ ನಾನು ಹೇಳಿದ್ದನ್ನೆಲ್ಲ ನಂಬಿದರು.

ಅವರನ್ನು ಇಲ್ಲಿಗೆ ಎಳೆದದ್ದು ತೆರಿಗೆಯಲ್ಲ, ಅವರ ಮಾಲು ಕೊಳ್ಳುವವರು ಇಲ್ಲಿದ್ದದ್ದು. ಬಿಡದಿಯಲ್ಲಿ 1999ರಿಂದ ಟೊಯೊಟಾ ಕಾರು ತಯಾರಾಗುತ್ತಿದೆ, ನರಸಾಪುರದಲ್ಲಿ ಹೋಂಡಾ ಸ್ಕೂಟರ್, ಹೊಸೂರಿನಲ್ಲಿ ಟಿವಿಎಸ್. ಬಿಡಿಭಾಗದವರು ದೊಡ್ಡ ಕಂಪನಿಯ ಹಿಂದೆಯೇ ಬರುತ್ತಾರೆ. ಪೆನುಕೊಂಡ ನಮ್ಮ ಗಡಿಯಿಂದ ಸ್ವಲ್ಪವೇ ದೂರ, ಆದರೆ ಕಾರು ಮಾಡುವ ಕಿಯಾ ಕಂಪನಿ ಅಲ್ಲಿಗೆ ಹೋದ ಮೇಲೆ ಅದರ ಸರಬರಾಜುದಾರರೂ ಆಂಧ್ರದ ಕಡೆಗೇ ಹೋದರು. ಒಂದು ದೊಡ್ಡ ಕಂಪನಿ ಕೈತಪ್ಪಿದರೆ ಅದರ ಸಂಸಾರವೇ ಕೈತಪ್ಪಿದ ಹಾಗೆ.

ಇನ್ನು ನನ್ನ ಕ್ರಮ. ಸರ್ಕಾರದವರ ಜೊತೆ ಭೇಟಿ ಇಡುವ ಮೊದಲು ನಾನು ಹೂಡಿಕೆದಾರರನ್ನು ಆಗಲೇ ನಡೆಯುತ್ತಿರುವ ಕಾರ್ಖಾನೆಗೆ ಕರೆದುಕೊಂಡು ಹೋಗುತ್ತೇನೆ. ಎಂಡಿ ಹತ್ತಿರ ಅಲ್ಲ, ಮೇಂಟೆನೆನ್ಸ್ ಸೂಪರ್‌ವೈಸರ್ ಹತ್ತಿರ. ಡೀಸೆಲ್ ಜನರೇಟರಿನ ಲಾಗ್‌ಬುಕ್ ತೆಗೆಸಿ ಮುಂದೆ ಇಡುತ್ತೇನೆ. ಯಾವ ತಿಂಗಳು ಎಷ್ಟು ಗಂಟೆ ಓಡಿದೆ ಅಂತ ಅದರಲ್ಲಿ ಇರುತ್ತೆ, ಯಾರೂ ಅದನ್ನು ಹೂಡಿಕೆದಾರರಿಗೋಸ್ಕರ ಬರೆದಿರಲ್ಲ. ನಮಗೆ ಕರೆಂಟು ಹೋಗುವುದು ಅಂದರೆ ಅರ್ಧ ಗಂಟೆ ಕತ್ತಲೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಕ್ಷಣಮಾತ್ರ ವೋಲ್ಟೇಜ್ ಕುಸಿದರೂ ಸಾಕು, ನಿಂತುಬಿಡುತ್ತದೆ, ಒಳಗಿದ್ದ ಪೀಸು ಸ್ಕ್ರ್ಯಾಪ್. ಜಪಾನಿನವರು ಆ ಪುಸ್ತಕವನ್ನು ಪುಟ ಪುಟ ತಿರುವಿ, ಫೋಟೊ ತೆಗೆದುಕೊಂಡು, ಸೂಪರ್‌ವೈಸರಿಗೆ ಎಷ್ಟು ಪ್ರಶ್ನೆ ಕೇಳಿದರೆಂದರೆ ಪಾಪ ಆತನ ಊಟದ ಹೊತ್ತು ಮೀರಿಹೋಯಿತು.

ಜಾಗದ ವಿಷಯದಲ್ಲಿ ಖಾಸಗಿ ಜಮೀನು ಅಗ್ಗಕ್ಕೆ ಸಿಗುತ್ತಿತ್ತು. ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ) ಎಲ್ಲ ಸರಿಯಿತ್ತು. ಆದರೆ ಅಷ್ಟು ಸಾಲದು, ಮೂಲದಲ್ಲಿ ಆ ಜಮೀನು ಯಾರಿಗೆ ಮಂಜೂರಾಗಿತ್ತು ಅಂತ ನೋಡಬೇಕು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇದೆ, 2023ರ ತಿದ್ದುಪಡಿಯಾದ ಮೇಲೆ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಬಡವರ ನೆಲ ಉಳಿಸುವ ಕಾನೂನು ಅದು, ಇರಲೇಬೇಕು. ಮಧ್ಯವರ್ತಿ ಮಾತ್ರ ಅದನ್ನು ಬಾಯಿಬಿಟ್ಟು ಹೇಳಲ್ಲ. ನಾನು ಹೇಳಿದೆ. ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಬಂದು ಕೇಳಬಹುದಾ ಅಂತ ಅವರ ಪ್ರಶ್ನೆ. ಮೂಲ ದಾಖಲೆ ಸಿಗದಿದ್ದರೆ ಇಲ್ಲ ಅಂತ ಹೇಳೋಕಾಗಲ್ಲ ಅಂದೆ. ಹಾಗಾಗಿ ದುಬಾರಿಯಾದರೂ ಸರ್ಕಾರದ ಕೈಗಾರಿಕಾ ಪ್ರದೇಶ ಮಂಡಳಿ ಕೆಐಎಡಿಬಿಯ ಪ್ಲಾಟು, ತುಮಕೂರಿನ ವಸಂತನರಸಾಪುರದಲ್ಲಿ. ಜಪಾನಿನ ಕಂಪನಿಗಳಿಗೆ ಅಂತಲೇ ಅಲ್ಲಿ ಟೌನ್‌ಶಿಪ್ ಮಾಡಿದ್ದಾರೆ, ಅದೂ ಒಂದು ಧೈರ್ಯ. ಚೆನ್ನೈ ಬಂದರು 400 ಕಿ.ಮೀ.ಗೂ ಜಾಸ್ತಿ ದೂರ, ತಮಿಳುನಾಡಿನ ಶ್ರೀಪೆರಂಬದೂರಿನವರಿಗೆ ಬಂದರು ಮಗ್ಗುಲಲ್ಲೇ ಇದೆ. ಮಂಗಳೂರು ಅಂತೀರಾ? ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಕಂಟೇನರ್ ಎಲ್ಲಿ ನಿಲ್ಲಿಸುವುದು? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇವರ ಮಾಲಿನಲ್ಲಿ ಹೆಚ್ಚಿನದು ಇಲ್ಲೇ ಮಾರುವುದು, ಅದಕ್ಕೇ ನಡೆಯಿತು. ರಫ್ತಿನವರಾಗಿದ್ದರೆ ನಾನೇ ತಮಿಳುನಾಡಿಗೆ ಹೋಗಿ ಅನ್ನುತ್ತಿದ್ದೆ.

ದುಡ್ಡು ತರುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಇಂಥ ಕಾರ್ಖಾನೆಗೆ ದೆಹಲಿಯ ಅನುಮತಿ ಬೇಡ, ಆಟೋಮ್ಯಾಟಿಕ್ ರೂಟ್. ನಮ್ಮ ಜೊತೆ ಭೂಗಡಿ ಇರುವ ದೇಶಗಳವರಿಗೆ ಮಾತ್ರ 2020ರಿಂದ ಬೇರೆ ನಿಯಮ. ದುಡ್ಡು ಬಂದ 60 ದಿನದಲ್ಲಿ ಷೇರು ಹಂಚಬೇಕು, ಹಂಚಿದ 30 ದಿನದಲ್ಲಿ ಅದರ ವಿವರ ಕೊಡುವ ಎಫ್‌ಸಿ-ಜಿಪಿಆರ್ ಅನ್ನುವ ಫಾರಂ ಅನ್ನು ರಿಸರ್ವ್ ಬ್ಯಾಂಕಿಗೆ ಸಲ್ಲಿಸಬೇಕು. ಸಿಕ್ಕಿಹಾಕಿಕೊಳ್ಳುವುದು ಸಣ್ಣ ಜಾಗದಲ್ಲಿ: ಷೇರು ಒಂದು ಕಂಪನಿಯ ಹೆಸರಿಗೆ, ದುಡ್ಡು ಕಳಿಸಿದ್ದು ಅದೇ ಗುಂಪಿನ ಇನ್ನೊಂದು ಕಂಪನಿ. ಬ್ಯಾಂಕು ಅಲ್ಲೇ ನಿಲ್ಲಿಸುತ್ತದೆ. ಅದಕ್ಕೇ ಕಳಿಸುವ ಮೊದಲೇ ಖಾತೆಯ ಹೆಸರನ್ನು ಬರಹದಲ್ಲಿ ತರಿಸಿಕೊಳ್ಳುತ್ತೇನೆ. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷಕ್ಕೆ 182 ದಿನ ಭಾರತದಲ್ಲಿರಬೇಕು ಅನ್ನುವುದನ್ನೂ ಆಗಲೇ ನೆನಪಿಸುತ್ತೇನೆ.

ಇಷ್ಟೆಲ್ಲ ಆದಮೇಲೆ 2024ರ ಜುಲೈ ಬಂತು. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಅನ್ನುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು, ಗದ್ದಲ ಎದ್ದ ಕೂಡಲೇ ತಡೆಹಿಡಿಯಿತು. ನಮ್ಮ ಹುಡುಗರಿಗೆ ಕೆಲಸ ಸಿಗಬೇಕು ಅನ್ನುವುದರಲ್ಲಿ ನನಗೆ ತಕರಾರೇ ಇಲ್ಲ, ಈ ಕಂಪನಿಯೂ ಶಿರಾ, ಗುಬ್ಬಿ ಕಡೆಯ ಐಟಿಐ ಹುಡುಗರನ್ನೇ ತೆಗೆದುಕೊಳ್ಳುವವರಿದ್ದರು. ಆದರೆ ಟೋಕಿಯೊದಿಂದ ಫೋನ್ ಮೇಲೆ ಫೋನ್. ಅವರು ಕೇಳಿದ್ದು ನಿಯಮ ಕಠಿಣವೋ ಅಲ್ಲವೋ ಅಂತ ಅಲ್ಲ, ನಿಯಮ ಇದೆಯೋ ಇಲ್ಲವೋ ಅಂತ. ಕಠಿಣವಾಗಿದ್ದರೆ ಖರ್ಚಿನಲ್ಲಿ ಸೇರಿಸುತ್ತಾರೆ, ಇದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಎಷ್ಟು ಅಂತ ಹಾಕುವುದು? ಬೋರ್ಡ್ ಮೀಟಿಂಗನ್ನು ಮುಂದೆ ಹಾಕಿದರು. ಮಸೂದೆ ಮತ್ತೆ ಬರುವುದಾದರೆ ಯಾವಾಗ ಅಂತ ಬರಹದಲ್ಲಿ ಕೊಡಿ ಅಂದರು, ಅದನ್ನು ಯಾರು ಕೊಡುತ್ತಾರೆ ಹೇಳಿ? ಕೊನೆಗೆ ಶೇ. 70ರ ನಿಯಮ ಬಂದರೂ ನಡೆಯುವ ಹಾಗೆ ನೇಮಕಾತಿ ಪಟ್ಟಿ ಮಾಡಿ, ಹುದ್ದೆಗಳನ್ನೂ ತಾಲೂಕುಗಳನ್ನೂ ಬರೆದು ಕಳಿಸಿದೆ. ಅದರ ಮೇಲೆ ಸಹಿ ಬಿತ್ತು.

ಈಗ ಪಕ್ಕದ ಪ್ಲಾಟು ಕೇಳಿದ್ದಾರೆ, ಇಲ್ಲಿ ಬಂದ ಲಾಭದಲ್ಲೇ ಎರಡನೇ ಶೆಡ್ ಹಾಕಲು. ಆ ದುಡ್ಡಿಗೆ ಸಮಾವೇಶವೂ ಇಲ್ಲ, ಫೋಟೊವೂ ಇಲ್ಲ, ಆದರೆ ವಿದೇಶಿ ನೇರ ಹೂಡಿಕೆಯ ಲೆಕ್ಕಕ್ಕೆ ಅದೂ ಸೇರುತ್ತದೆ. ಅರ್ಜಿ ಹಾಕಿದ್ದೇವೆ, ಇನ್ನೂ ಮಂಜೂರಾಗಿಲ್ಲ.