ಇಂಗ್ಲಿಷ್ ಅರ್ಜಿ ಓದಿದವ್ರ ಮನಸ್ಸಿಗೆ ನಾಟಬೇಕಂದ್ರ ಹಿಂಗ ಬರೀರಿ

ಧಾರವಾಡದ ಸಪ್ತಾಪುರದಾಗ ಕೆಎಎಸ್, ಬ್ಯಾಂಕ್ ಪರೀಕ್ಷಾಕ್ಕ ತಯಾರಿ ಮಾಡೋ ಹುಡುಗೂರು ಬರದ ಇಂಗ್ಲಿಷ್ ಲೆಟರು, ಎಸ್ಸೇ ಭಾಳ ವರ್ಷದಿಂದ ತಿದ್ದೀನಿ. ಗ್ರಾಮರ್ ಸರಿ ಇರ್ತೈತಿ, ಸ್ಪೆಲಿಂಗೂ ಸರಿ ಇರ್ತೈತಿ, ಆದ್ರ ಓದಿದವನಿಗೆ ಏನೂ ಅನ್ನಿಸೋದಿಲ್ಲ. ಯಾಕಂದ್ರ ಅಲಂಕಾರ ಅಂದ್ರ ಎಲ್ಲಾ ಬರದ ಮ್ಯಾಲೆ ಕಡೀಕ ಕೊತ್ತಂಬರಿ ಉದುರಿಸಿದಂಗ ಅಂತ ತಿಳಕೊಂಡಾರ. ಹಂಗಲ್ಲ ಅದು, ವಾಕ್ಯ ಕಟ್ಟೋ ಹೊತ್ತಿನ್ಯಾಗ ಮಾಡೋ ಕೆಲಸ. ವಾರ್ಡಿಗೆ ನೀರು ಬರವಲ್ದು ಅಂತ ಪಾಲಿಕೆ ಕಮಿಷನರಿಗೆ ಬರಿಯೋ ಅರ್ಜೀನ ಉದಾಹರಣೆ ಇಟ್ಕೊಂಡು ಹೇಳ್ತೀನಿ.

ಮೊದಲನೇ ಹೆಜ್ಜಿ: ಏನು ಬೇಕು ಅನ್ನೋದನ್ನ ಕನ್ನಡದಾಗ ಒಂದು ಸಾಲು ಬರಕೊಳ್ರಿ. ಒಂದೇ ಬೇಡಿಕೆ. ನೀರು, ಗಟಾರ, ಬೀದಿದೀಪ ಎಲ್ಲಾ ಒಂದ್ರಾಗ ತುರುಕಬ್ಯಾಡ್ರಿ.

ಎರಡನೇದು, ಯಾವುದು ಮೊದಲು ಯಾವುದು ಆಮ್ಯಾಲೆ. ಕೇಳೋರನ್ನ ಒಪ್ಪಿಸೋಕ ಮೂರು ದಾರಿ ಅಂತ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಸುಮಾರು 2300 ವರ್ಷದ ಹಿಂದ ಹೇಳ್ಯಾನ: ಹೇಳೋನ ಮ್ಯಾಲಿನ ನಂಬಿಕಿ ಈಥೋಸ್, ತರ್ಕ-ಪುರಾವೆ ಲೋಗೋಸ್, ಕೇಳೋರ ಭಾವನೆ ಪೇಥೋಸ್. ನಮ್ಮ ಹುಡುಗೂರು ಸೀದಾ ಪೇಥೋಸಿಗೆ ಜಿಗೀತಾರ, 'ವಿ ಆರ್ ಸಫರಿಂಗ್ ಎ ಲಾಟ್' ಅಂತ. ಅದು ಕಡೀಕ ಬರಬೇಕು. ಮೊದಲು ನೀವ್ಯಾರು, ಎಷ್ಟು ವರ್ಷದಿಂದ ಅದೇ ಓಣಿಯಾಗ ಇದ್ದೀರಿ, ಮನಿ ಪಟ್ಟಿ ತುಂಬೀರೋ ಇಲ್ಲೋ ಅದನ್ನ ಹೇಳ್ರಿ. ಆಮ್ಯಾಲೆ ನೀರು ಬಿಟ್ಟ ತಾರೀಖುಗಳು, ಮತ್ತ 2008ರಾಗ ಇದೇ ಹುಬ್ಬಳ್ಳಿ-ಧಾರವಾಡ ಅವಳಿನಗರದ ಕೆಲವು ವಾರ್ಡಿಗೆ 24 ತಾಸು ನೀರು ಬಂತಲ್ಲ, ಅದು. ಅಂದ್ರ ಇಲ್ಲಿ ಆಗಂಗಿಲ್ಲ ಅನ್ನೋ ಮಾತು ಯಾರೂ ಆಡೋಕ ಬರೋದಿಲ್ಲ. ಕಡೀಕ ಒಂದೇ ಒಂದು ಚಿತ್ರ: ಮೂರನೇ ಮಹಡಿಗೆ ಕೊಡ ಹೊತ್ತು ಹತ್ತೋ ಅಜ್ಜಿ. ಒಂದು ಸಾಕು.

ನಡುವ ಒಂದು ಮಾತು, ಲೆಟರ್ ರೈಟಿಂಗ್ ಗೈಡ್ ಅಂತ ಮಾರ್ತಾರಲ್ಲ ಅದರಾಗಿನ 'ಐ ಬೆಗ್ ಟು ಸ್ಟೇಟ್' ಬಿಟ್ಟುಬಿಡ್ರಿ, ನಾವು ಬೇಡೋರಲ್ಲ, ನಮ್ಮ ಹಕ್ಕು ಕೇಳೋರು. ಈಗಂತೂ ಮೊಬೈಲ್ ಆ್ಯಪಿನಿಂದ ಬರಿಸ್ಕೊಂಡು ಬರ್ತಾರ, ಪ್ಯಾರಾಕ್ಕೊಂದು 'ನಾಟ್ ಓನ್ಲಿ, ಬಟ್ ಆಲ್ಸೋ' ಇರ್ತೈತಿ, ಹತ್ತು ಮಂದೀದು ಓದಿದ್ರ ಹತ್ತೂ ಒಬ್ಬನೇ ಬರದಂಗ.

ಮೂರನೇ ಹೆಜ್ಜಿಯೊಳಗ ಎಲ್ಲಾರೂ ಕೆಡಸ್ತಾರ, ಇದನ್ನ ನಿಧಾನ ಓದ್ರಿ. ಒಂದು ಹುಡುಗಿ ಬರದಿದ್ಲು: 'ವಿ ವಾಂಟ್ ಕ್ಲೀನ್ ವಾಟರ್, ಟು ಸಪ್ಲೈ ಡೈಲಿ ಅಂಡ್ ಪೈಪ್ ಶುಡ್ ಬಿ ರಿಪೇರ್ಡ್.' ನೀರಿನ ಒಂದೇ ಬೇಡಿಕೀದು ಮೂರು ತುಂಡು, ಮೂರು ಬ್ಯಾರೆ ಬ್ಯಾರೆ ಆಕಾರ, ಓದೋನ ನಾಲಿಗಿ ಎಡವತೈತಿ. ಮೂರಕ್ಕೂ ಒಂದೇ ಅಚ್ಚು ಹಾಕ್ರಿ: 'ಕ್ಲೀನ್ ದ ಟ್ಯಾಂಕ್, ಫಿಕ್ಸ್ ದ ಪೈಪ್, ಅಂಡ್ ಓಪನ್ ದ ವಾಲ್ವ್ ಎವ್ರಿ ಮಾರ್ನಿಂಗ್.' ಕ್ರಿಯಾಪದ ಮುಂದ, ವಸ್ತು ಹಿಂದ, ಮೂರನೇದು ಸ್ವಲ್ಪ ಉದ್ದ. ಇದಕ್ಕ ಪ್ಯಾರಲಲಿಸಂ ಅಂತಾರ. 1863ರ ನವೆಂಬರ್ 19ಕ್ಕ ಅಮೆರಿಕದ ಅಧ್ಯಕ್ಷ ಲಿಂಕನ್ ಗೆಟಿಸ್‌ಬರ್ಗಿನ ಭಾಷಣದಾಗ ಮಾಡಿದ್ದೂ ಇದನ್ನ, 'ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್' ಅಂತ; 'ದ ಪೀಪಲ್' ಹಂಗ ಇಟ್ಟು ಮುಂದಿನ ಆಫ್, ಬೈ, ಫಾರ್ ಅಷ್ಟೇ ಬದಲಿಸಿದ.

ಇನ್ನ ಪುನರಾವರ್ತನೆ. ಬಸವಣ್ಣನ 'ಕಳಬೇಡ ಕೊಲಬೇಡ' ನೋಡ್ರಿ, ಏಳು ಸಲ 'ಬೇಡ' ಬರ್ತೈತಿ, ಏಳೂ ಸಲ ಕೊನೀಗೇ. ಕನ್ನಡದಾಗ ಕ್ರಿಯಾಪದ ಕಡೀಕ ಕೂಡತೈತಿ, ಅದಕ್ಕ ನಮ್ಮ ಕಿವಿಗೆ ಕೊನೀ ತಾಳಾನೇ ರೂಢಿ. ಇಂಗ್ಲಿಷಿನ್ಯಾಗ ಕರ್ತೃ, ಕ್ರಿಯಾಪದ ಮುಂದ ಬರ್ತಾವು, ಹಂಗಾಗಿ ಶುರುವಾತಿನ ಶಬ್ದ ತಿರುಗಿ ತಿರುಗಿ ಹೇಳೋದು ಅಲ್ಲಿ ಸಲೀಸು, ಅದಕ್ಕ ಅನಾಫೊರಾ ಅಂತಾರ. ಬ್ರಿಟನ್ ಪ್ರಧಾನಿ ಚರ್ಚಿಲ್ 1940ರ ಜೂನ್ 4ಕ್ಕ ಪಾರ್ಲಿಮೆಂಟಿನ್ಯಾಗ 'ವಿ ಶಲ್ ಫೈಟ್' ಅಂತ ಮತ್ತ ಮತ್ತ ಹೇಳಿ, ಕಡೀಕ 'ವಿ ಶಲ್ ನೆವರ್ ಸರೆಂಡರ್' ಅಂದ. ಆ ಕಡೀ ಸಾಲಿನ್ಯಾಗ 'ಫೈಟ್' ಇಲ್ಲ. ಇದನ್ನ ಯಾರೂ ಗಮನಿಸೋದಿಲ್ಲ, ಬರೇ ತಿರುಗಿ ಹೇಳೋದನ್ನ ಕಲೀತಾರ, ಮುರಿಯೋದನ್ನ ಕಲಿಯೋದಿಲ್ಲ. ಮುರದಾಗಲೇ ಪೆಟ್ಟು ಬೀಳೋದು. ನಮ್ಮ ಅರ್ಜಿಯೊಳಗ: 'ವಿ ಹ್ಯಾವ್ ಪೇಡ್ ದ ಟ್ಯಾಕ್ಸ್. ವಿ ಹ್ಯಾವ್ ಫೈಲ್ಡ್ ದ ಕಂಪ್ಲೇಂಟ್ಸ್. ವಿ ಹ್ಯಾವ್ ನೋ ವಾಟರ್.' ಮೂರರಾಗೂ 'ಹ್ಯಾವ್' ಐತಿ, ಆದ್ರ ಮೂರನೇದರ ಅರ್ಥ ಬ್ಯಾರೆ. ಎರಡು ಸಲ ಮಾಡಿದ್ದನ್ನ ಹೇಳಿ, ಮೂರನೇ ಸಲ ಇಲ್ಲದ್ದನ್ನ ಹೇಳ್ತೈತಿ.

ಇದರ ಜೋಡಿ ಕಡೀ ಶಬ್ದದ ವಿಚಾರ. ಇಂಗ್ಲಿಷ್ ವಾಕ್ಯದಾಗ ಒತ್ತು ಹೆಚ್ಚಾಗಿ ಕೊನೀಗೆ ಬೀಳತೈತಿ. 'ವಾಟರ್ ಈಸ್ ನಾಟ್ ಕಮಿಂಗ್ ಸಿನ್ಸ್ ಫೈವ್ ಡೇಸ್ ಇನ್ ಅವರ್ ಏರಿಯಾ ಆಲ್ಸೋ' ಅಂದ್ರ ಪೂರಾ ತೂಕ 'ಆಲ್ಸೋ' ಮ್ಯಾಲೆ ಹೋತು. 'ನಮ್ಮ ಏರಿಯಾದಾಗೂ' ಅನ್ನೋದರ 'ಊ' ಎಳಕೊಂಡು ಬಂದು ಕಡೀಕ ಇಟ್ಟಿದ್ದು ಅದು. 'ಇನ್ ಅವರ್ ಏರಿಯಾ, ದ ಟ್ಯಾಪ್ಸ್ ಹ್ಯಾವ್ ಬೀನ್ ಡ್ರೈ ಫಾರ್ ಫೈವ್ ಡೇಸ್' ಅನ್ರಿ, ಈಗ 'ಐದು ದಿನ' ಅನ್ನೋದು ಓದೋನ ತಲಿಯೊಳಗ ಉಳೀತೈತಿ.

ಪ್ರಶ್ನಾ ಕೇಳೋದು, ಎಸ್ಸೇದಾಗ ಒಂದು ಸಲ ನಡೀತೈತಿ. ಅರ್ಜಿಯೊಳಗ 'ಆರ್ ವಿ ನಾಟ್ ಸಿಟಿಜನ್ಸ್?' ಅಂತ ಬ್ಯಾಡೇ ಬ್ಯಾಡ, ಅಧಿಕಾರಿ ಸಿಟ್ಟಾಗ್ತಾನ, ನೀರು ಬಿಡೋದಿಲ್ಲ. 1961ರ ಜನವರಿ 20ಕ್ಕ ಅಮೆರಿಕದ ಅಧ್ಯಕ್ಷ ಕೆನಡಿ 'ದೇಶ ನಿಮಗೇನು ಮಾಡತೈತಿ ಅಂತ ಕೇಳಬ್ಯಾಡ್ರಿ, ನೀವು ದೇಶಕ್ಕೇನು ಮಾಡ್ತೀರಿ ಅಂತ ಕೇಳ್ರಿ' ಅಂತ ತಿರುಗ-ಮುರುಗ ಮಾಡಿ ಹೇಳಿದ ವರಸೀನೂ ಭಾಷಣಕ್ಕಷ್ಟೇ ಇರಲಿ.

ಬರದ ಮ್ಯಾಲೆ ಬಾಗಲಾ ಹಾಕ್ಕೊಂಡು ಗಟ್ಟಿಯಾಗಿ ಓದ್ರಿ. ಉಸಿರು ಎಲ್ಲಿ ಸಾಲೋದಿಲ್ಲೋ ಅಲ್ಲಿ ಫುಲ್‌ಸ್ಟಾಪ್ ಇಡ್ರಿ. 'ವೆರಿ', 'ಕೈಂಡ್ಲಿ', 'ಓನ್ಲಿ' ಕಂಡಕಂಡಲ್ಲೆ ಕಾಟ್ ಹಾಕ್ರಿ. ಕಡೀ ಸಾಲಿನ್ಯಾಗ ಬೇಡಿಕೆ ಮತ್ತ ಒಂದು ತಾರೀಖು, ಯಾವ ದಿನದೊಳಗ ಉತ್ತರ ಬೇಕು ಅಂತ. ಆಮ್ಯಾಲೆ ಟಪಾಲ್ ವಿಭಾಗದಾಗ ಕೊಟ್ಟು, ಇನ್ನೊಂದು ಪ್ರತಿ ಮ್ಯಾಲೆ ಸಿಕ್ಕಾ ಹೊಡಿಸ್ಕೊಂಡು ಬರ್ರಿ.