ಪಿಂಗ್ ಬರುತ್ತೆ, ಪ್ರಿಂಟ್ ಬರಲ್ಲ

ಶಿವಮೊಗ್ಗದಲ್ಲಿ ಅಡಿಕೆ ವಹಿವಾಟು ನಡೆಸುವ ಒಂದು ಸಂಸ್ಥೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಲೆಕ್ಕವೆಲ್ಲ ಐಬಿಎಂನ ಎಎಸ್/400 ಎಂಬ ವ್ಯಾಪಾರದ ಕಂಪ್ಯೂಟರ್ ಮೇಲಿದೆ. 1988ರಲ್ಲಿ ಬಂದ ಈ ಯಂತ್ರಕ್ಕೆ ಆಮೇಲೆ ಐಸೀರೀಸ್, ಸಿಸ್ಟಂ ಐ ಎಂದೆಲ್ಲ ಹೆಸರು ಬದಲಾಯಿತು. ನಮ್ಮ ಆಫೀಸಿನಲ್ಲಿ ಮಾತ್ರ ಇವತ್ತಿಗೂ ಅದು ಎಎಸ್/400.

ಯಂತ್ರ ಇರುವುದು ಹೆಡ್ ಆಫೀಸಿನಲ್ಲಿ. ಪ್ರಿಂಟರ್‌ಗಳು ಇರುವುದು ತೀರ್ಥಹಳ್ಳಿ, ಹೊಸನಗರ, ಸಾಗರದ ಶಾಖೆಗಳಲ್ಲಿ. ರೈತರು ತಂದ ರಾಶಿ, ಬೆಟ್ಟೆ, ಸರಕು ಬಗೆಯ ಅಡಿಕೆ ತೂಕವಾದ ಮೇಲೆ ಪಟ್ಟಿ ಅಲ್ಲೇ ಪ್ರಿಂಟ್ ಆಗಿ ಕೈಗೆ ಸಿಗಬೇಕು. ಅದು ಅರ್ಧ ಗಂಟೆ ತಡವಾದರೆ ಯಾರಿಗೋ ಊರಿಗೆ ಹೋಗುವ ಬಸ್ಸು ತಪ್ಪುತ್ತದೆ. ಅದಕ್ಕೇ ನನಗೆ ಪ್ರಿಂಟರ್ ಸಣ್ಣ ವಿಷಯ ಅಲ್ಲ.

ಒಂದು ಜುಲೈನಲ್ಲಿ ತೀರ್ಥಹಳ್ಳಿ ಶಾಖೆಯ ಲೈನ್ ಬದಲಾಯಿಸಿ ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್ (ಇಂಟರ್ನೆಟ್ ಒಳಗೇ ನಮ್ಮದೇ ಖಾಸಗಿ ದಾರಿ) ಹಾಕಿದರು. ಹಾಕಿದ ದಿನ ನಾನು ಪಿಂಗ್ ಮಾಡಿದೆ, ಅಂದರೆ "ಇದ್ದೀಯಾ" ಎಂದು ಕೇಳುವ ಸಣ್ಣ ಸಂದೇಶ ಕಳಿಸಿದೆ. ಉತ್ತರ ಬಂತು. ಒಂದು ಪುಟದ ಪಟ್ಟಿ ಕಳಿಸಿದೆ, ಪ್ರಿಂಟ್ ಆಯಿತು. ಕೆಲಸ ಮುಗಿಯಿತು ಅಂದುಕೊಂಡೆ. ತಿಂಗಳ ಕೊನೆಯ ದಿನ ಶಾಖೆಯ ಮೇಡಂ ಫೋನ್ ಮಾಡಿದರು.

"ಸಾರ್, ಪಟ್ಟಿ ಎಲ್ಲ ಬರ್ತಾ ಇದೆ. ಲೆಡ್ಜರ್ ಮಾತ್ರ ಬರ್ತಾ ಇಲ್ಲ ಮಾರಾಯ್ರೆ. ಪ್ರಿಂಟರ್ ಲೈಟ್ ಮಿಣುಕುತ್ತೆ, ಆಮೇಲೆ ಸುಮ್ನಾಗುತ್ತೆ."

ಈ ಒಂದು ಮಾತಿನಲ್ಲೇ ಉತ್ತರ ಇತ್ತು. ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು.

ಮೊದಲು ಔಟ್‌ಕ್ಯೂ, ಅಂದರೆ ಪ್ರಿಂಟ್‌ಗೆ ಕಾಯುವ ಫೈಲ್‌ಗಳ ಸಾಲು, ತೆಗೆದು ನೋಡಿದೆ. ಸ್ಪೂಲ್ ಫೈಲ್ (ಪ್ರಿಂಟ್ ಆಗಬೇಕಾದ ಫೈಲ್) ಎಲ್ಲಿ ನಿಂತಿದೆ ಎಂದು ಅಲ್ಲಿನ ಸ್ಟೇಟಸ್ ಹೇಳುತ್ತದೆ. ಆರ್‌ಡಿವೈ ಎಂದೇ ಉಳಿದಿದ್ದರೆ ಫೈಲನ್ನು ಪ್ರಿಂಟರ್‌ಗೆ ಕಳಿಸುವ ರೈಟರ್ ಶುರುವೇ ಆಗಿಲ್ಲ ಅಥವಾ ಮುಂದೆ ನಿಂತ ಫೈಲ್ ದಾರಿ ಬಿಟ್ಟಿಲ್ಲ. ಎಂಎಸ್‌ಜಿಡಬ್ಲ್ಯು ಎಂದಿದ್ದರೆ ರೈಟರ್ ಏನೋ ಕೇಳುತ್ತಾ ಕಾಯುತ್ತಿದೆ, ಹೆಚ್ಚಾಗಿ ಫಾರ್ಮ್ ಬದಲಾಯಿಸು ಎಂಬ ಮೆಸೇಜ್. ಉತ್ತರ ಕೊಟ್ಟರೆ ಮುಗಿಯಿತು. ನನ್ನ ಲೆಡ್ಜರ್ ಮುಂದೆ ಎಸ್‌ಎನ್‌ಡಿ ಎಂದಿತ್ತು. ಅಂದರೆ ಕಳಿಸುತ್ತಾ ಇದೆ. ಹತ್ತು ನಿಮಿಷ ಬಿಟ್ಟು ನೋಡಿದರೂ ಎಸ್‌ಎನ್‌ಡಿ. ರೈಟರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ, ಅದೇ ಕಥೆ. ಕನೆಕ್ಷನ್‌ಗಳನ್ನು ತೋರಿಸುವ ನೆಟ್‌ಸ್ಟ್ಯಾಟ್‌ನಲ್ಲಿ ಪ್ರಿಂಟರಿನ 515 ಪೋರ್ಟ್‌ಗೆ ಕನೆಕ್ಷನ್ ಕೂತಿತ್ತು. ಪಿಂಗ್ ಕೂಡ ಬರುತ್ತಿತ್ತು. ಹಾಗಾಗಿ ಪ್ರಿಂಟರ್ ಮೇಲೆ ಅನುಮಾನ ಬಂತು. ಮಾರನೇ ದಿನ ಮಳೆಯಲ್ಲೇ ಮಂಡಗದ್ದೆ ದಾರಿ ಹಿಡಿದು ಬೇರೆ ಪ್ರಿಂಟರ್ ಒಯ್ದೆ. ಅದರಲ್ಲೂ ಪಟ್ಟಿ ಬಂತು, ಲೆಡ್ಜರ್ ಬರಲಿಲ್ಲ.

ಆಗ ಹೊಳೆಯಿತು. ತಪ್ಪು ಪ್ರಿಂಟರಿನದಲ್ಲ, ಅಳತೆಯದು. ನಮ್ಮ ಪಟ್ಟಿ ಸಾವಿರ ಅಕ್ಷರ ದಾಟುವುದಿಲ್ಲ, ಒಂದೇ ಪ್ಯಾಕೆಟ್‌ನಲ್ಲಿ (ನೆಟ್‌ವರ್ಕ್ ಒಮ್ಮೆಗೆ ಸಾಗಿಸುವ ತುಂಡು) ಮುಗಿಯುತ್ತದೆ. ಲೆಡ್ಜರ್ ದೊಡ್ಡದು, ತುಂಬಿದ ಪ್ಯಾಕೆಟ್‌ಗಳಲ್ಲಿ ಸಾಗುತ್ತದೆ. ಎಎಸ್/400ರ ಪಿಂಗ್ ತಾನಾಗಿ ಕಳಿಸುವುದು 256 ಬೈಟ್. ಅದು ಬಂದರೆ 1500 ಬೈಟಿನ ಪ್ಯಾಕೆಟ್ ಕೂಡ ಬರುತ್ತದೆ ಎಂದು ಹೇಳಲು ಆಗುವುದಿಲ್ಲ, ಅಲ್ವಾ?

ಆಗುಂಬೆ ಘಾಟಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಮಿನಿ ಬಸ್ಸು ಇಳಿಯುತ್ತದೆ, ಉದ್ದದ ಲಾರಿಗೆ ಆ ತಿರುವುಗಳಲ್ಲಿ ಜಾಗ ಇಲ್ಲ. ಚೆಕ್‌ಪೋಸ್ಟಿನವರು ಲಾರಿಯನ್ನು ತಡೆದು "ಇಲ್ಲಿ ಆಗಲ್ಲ" ಎಂದು ವಾಪಸ್ ಕಳಿಸುತ್ತಾರೆ. ನೆಟ್‌ವರ್ಕ್‌ನಲ್ಲೂ ಹೀಗೇ. ಈಥರ್‌ನೆಟ್‌ನಲ್ಲಿ 1500 ಬೈಟ್ ಹೋಗುತ್ತದೆ. ಬ್ರಾಡ್‌ಬ್ಯಾಂಡಿನ ಲಾಗಿನ್ ವಿಧಾನವಾದ ಪಿಪಿಪಿಒಇ ಅದರಲ್ಲಿ 8 ಬೈಟ್ ತಿನ್ನುತ್ತದೆ, 1492 ಉಳಿಯುತ್ತದೆ. ವಿಪಿಎನ್ ತನ್ನ ಹೊದಿಕೆಗೆ ಇನ್ನಷ್ಟು ತೆಗೆದುಕೊಳ್ಳುತ್ತದೆ. ದೊಡ್ಡ ಪ್ಯಾಕೆಟ್ ಬಂದಾಗ ನಡುವಿನ ರೌಟರ್ "ಇದು ಹಿಡಿಸಲ್ಲ, ಸಣ್ಣದು ಮಾಡಿ ಕಳಿಸು" ಎಂದು ಐಸಿಎಂಪಿ (ನೆಟ್‌ವರ್ಕ್ ತನ್ನ ತೊಂದರೆ ತಿಳಿಸುವ ವಿಧಾನ) ಸುದ್ದಿ ಕಳಿಸಬೇಕು. ನಮ್ಮ ಫೈರ್‌ವಾಲ್ ಐಸಿಎಂಪಿ ಅಪಾಯ ಎಂದುಕೊಂಡು ಆ ಸುದ್ದಿಯನ್ನು ತಡೆಯುತ್ತಿತ್ತು. ಎಎಸ್/400ಗೆ ಏನೂ ಗೊತ್ತಾಗುತ್ತಿರಲಿಲ್ಲ. ಅದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಅತ್ತ ಪ್ರಿಂಟರ್ "ಕೆಲಸ ಬರ್ತಾ ಇದೆ" ಎಂಬ ಸಣ್ಣ ಸುದ್ದಿ ಮಾತ್ರ ಕೇಳಿ ಲೈಟ್ ಮಿಣುಕಿಸಿ ಕಾಯುತ್ತಿತ್ತು.

ಖಾತ್ರಿಗೆ ಹೆಡ್ ಆಫೀಸಿನ ವಿಂಡೋಸ್ ಪಿಸಿಯಿಂದ ಪಿಂಗ್ ಮಾಡಿದೆ, ಪ್ಯಾಕೆಟ್ ಒಡೆಯಬೇಡ ಎಂಬ ಆಯ್ಕೆ ಹಾಕಿ. 1472 ಕೊಟ್ಟೆ, ಅದಕ್ಕೆ ಪ್ಯಾಕೆಟಿನ ವಿಳಾಸ ಇತ್ಯಾದಿ ಇರುವ ಹೆಡರ್‌ಗಳ 28 ಸೇರಿದರೆ 1500. ಉತ್ತರ ಇಲ್ಲ. ದೊಡ್ಡದಾಯಿತು ಎಂಬ ದೂರೂ ಇಲ್ಲ, ಬರೀ ಟೈಮ್‌ಔಟ್. ಈ ಮೌನವೇ ಗುರುತು. ಇಳಿಸುತ್ತಾ ಬಂದೆ. 1400ಕ್ಕೆ ಇಲ್ಲ, 1390ಕ್ಕೆ ಉತ್ತರ ಬಂತು.

ನನ್ನ ಕೈಯಲ್ಲಿದ್ದುದನ್ನು ಮೊದಲು ಮಾಡಿದೆ. ಎಎಸ್/400ರಲ್ಲಿ ತೀರ್ಥಹಳ್ಳಿಯ ನೆಟ್‌ವರ್ಕ್‌ಗೆ ಬೇರೆಯೇ ರೂಟ್ ಸೇರಿಸಿ, ಅದರ ಎಂಟಿಯು, ಅಂದರೆ ಪ್ಯಾಕೆಟಿನ ಗರಿಷ್ಠ ಅಳತೆ, 1400 ಎಂದು ಕೊಟ್ಟೆ. ಹಳೆಯ ಕನೆಕ್ಷನ್ ಹಳೆಯ ಅಳತೆಯನ್ನೇ ಹಿಡಿದಿರುತ್ತದೆ, ಅದಕ್ಕೆ ರೈಟರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಫೋನ್ ಕಿವಿಯಲ್ಲಿತ್ತು. ಆ ಕಡೆ ಪ್ರಿಂಟರ್ ಕಾಗದ ಎಳೆಯುವ ಸದ್ದು ಕೇಳಿಸಿತು. ಆ ಸದ್ದು ನಾನು ಮರೆಯುವುದಿಲ್ಲ. ಆಮೇಲೆ ನೆಟ್‌ವರ್ಕ್ ನೋಡುವವರಿಗೆ ಹೇಳಿ ರೌಟರಿನಲ್ಲಿ ಟಿಸಿಪಿಯ ಎಂಎಸ್‌ಎಸ್ (ಹೆಡರ್ ಬಿಟ್ಟು ಒಂದು ಪ್ಯಾಕೆಟ್ ಹೊರುವ ಮಾಹಿತಿಯ ಅಳತೆ) 1360ಕ್ಕೆ ಮಿತಿ ಹಾಕಿಸಿದೆ, ಫೈರ್‌ವಾಲ್‌ನಲ್ಲಿ ಆ ಒಂದು ಬಗೆಯ ಐಸಿಎಂಪಿಗೆ ದಾರಿ ಬಿಡಿಸಿದೆ. ನನ್ನ ಪ್ರಕಾರ ಸರಿಯಾದ ಜಾಗ ರೌಟರೇ. ಅಲ್ಲಿ ಮಾಡಿದರೆ ಶಾಖೆಯ ಉಳಿದ ಪಿಸಿಗಳಿಗೂ ಉಪಯೋಗ.

ಬೇರೆ ತೊಂದರೆಗಳು ಇಷ್ಟು ಆಳದವಲ್ಲ. ಹಾಳೆ ತುಂಬ ಅರ್ಥವಿಲ್ಲದ ಅಕ್ಷರ ಬಂದರೆ ಔಟ್‌ಕ್ಯೂನಲ್ಲಿ ಟ್ರಾನ್ಸ್‌ಫಾರ್ಮ್ (ಪ್ರಿಂಟರ್‌ಗೆ ತಿಳಿಯುವಂತೆ ಬದಲಾಯಿಸುವ ಆಯ್ಕೆ) ನೋಡಿ. ಎಎಸ್/400 ಒಳಗೆ ಇಬಿಸಿಡಿಐಸಿ ಎಂಬ ಅಕ್ಷರ ಸಂಕೇತ ಬಳಸುತ್ತದೆ. ಅಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಂದರೆ ಹೆಕ್ಸ್ ಸಿ1, ಬೇರೆ ಕಡೆ ಬಳಸುವ ಆಸ್ಕಿ ಸಂಕೇತದಲ್ಲಿ 41. ಬದಲಾಯಿಸದೆ ಕಳಿಸಿದರೆ ಲೇಸರ್ ಪ್ರಿಂಟರ್ ಏನು ಮಾಡಬೇಕು ಪಾಪ. ರಿಮೋಟ್ ಕ್ಯೂ (ಪ್ರಿಂಟರ್ ಕಡೆಯ ಸಾಲು) ಹೆಸರನ್ನು ಕೋಟ್ಸ್ ಒಳಗೆ ಬರೆಯಿರಿ, ಇಲ್ಲದಿದ್ದರೆ ಎಲ್ಲವೂ ದೊಡ್ಡಕ್ಷರವಾಗುತ್ತದೆ. ಸಾಗರದಲ್ಲಿದ್ದ ಪ್ರಿಂಟ್ ಸರ್ವರ್ ಡಬ್ಬಿ ಸಣ್ಣಕ್ಷರದ ಹೆಸರನ್ನೇ ಒಪ್ಪುತ್ತಿತ್ತು.

ಹೊಸನಗರದ್ದು ಕರೆಂಟಿನ ಸಮಸ್ಯೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್‌ಗೆ ಹೊಸ ಐಪಿ ಸಿಗುತ್ತಿತ್ತು, ಎಎಸ್/400 ಹಳೆಯ ವಿಳಾಸಕ್ಕೆ ಕಳಿಸುತ್ತಿತ್ತು. ಪ್ರಿಂಟರಿನಲ್ಲೇ ಐಪಿ ಖಾಯಂ ಮಾಡಿದೆ. ಮಲೆನಾಡಿನ ಇನ್ನೊಂದು ತೊಂದರೆ ಶೀತ. ಜುಲೈನಲ್ಲಿ ತೆರೆದಿಟ್ಟ ಕಾಗದ ತೇವ ಎಳೆದುಕೊಂಡು ಜಾಮ್ ಆಗುತ್ತದೆ. ರೀಮ್ ಬಿಚ್ಚಿದರೆ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ ಎಂದು ಎಲ್ಲ ಶಾಖೆಗೂ ಹೇಳಿದ್ದೇನೆ.

ಎಲ್‌ಪಿಆರ್‌ನಲ್ಲಿ, ಅಂದರೆ ಮೇಲೆ ಹೇಳಿದ 515 ಪೋರ್ಟಿನ ವಿಧಾನದಲ್ಲಿ, ಕಳಿಸಿದಾಗ ಈ ಜಾಮ್ ಜಾಸ್ತಿ ಕಾಡುತ್ತದೆ. ಪ್ರಿಂಟರ್ ಫೈಲನ್ನು ಪಡೆದ ಕೂಡಲೇ ಎಎಸ್/400 ತನ್ನ ಕೆಲಸ ಮುಗಿಯಿತು ಎಂದು ಸ್ಪೂಲ್ ಫೈಲ್ ಅಳಿಸಿಬಿಡುತ್ತದೆ, ಉಳಿಸಿಕೋ ಎಂಬ ಸೇವ್ ಆಯ್ಕೆ ಹಾಕದಿದ್ದರೆ. ಬೇಕಾದ ಪುಟ ಮಾತ್ರ ಮತ್ತೆ ತೆಗೆಯಲೂ ಆಗುವುದಿಲ್ಲ. ಅದಕ್ಕೆ ಈಗ ದೊಡ್ಡ ವರದಿ ತೆಗೆಯುವ ಶಾಖೆಗಳಲ್ಲಿ 9100 ಪೋರ್ಟಿನ ಲ್ಯಾನ್ ಪ್ರಿಂಟರ್ ಆಗಿ ಹಾಕುತ್ತಿದ್ದೇನೆ. ಕಾಗದ ಮುಗಿದರೆ ಇಲ್ಲಿಗೇ ಮೆಸೇಜ್ ಬರುತ್ತದೆ, ಐದನೇ ಪುಟದಿಂದ ತೆಗಿ ಎಂದರೆ ತೆಗೆಯುತ್ತದೆ.

ಬರುವ ತಿಂಗಳು ಹೊಸನಗರದ ಲೈನ್ ಕೂಡ ವಿಪಿಎನ್‌ಗೆ ಬದಲಾಗಲಿದೆ. ಅವತ್ತು ನಾನು ಮೊದಲು ಕಳಿಸುವುದು ಪಟ್ಟಿ ಅಲ್ಲ, ನಲವತ್ತು ಪುಟದ ಲೆಡ್ಜರ್.