ಪುನರುತ್ಥಾನದ ಸಾಕ್ಷಿಗಳನ್ನ ನಾನು ತೂಗಿ ನೋಡಿದ್ದು ಹೀಗೆ

ಯೇಸು ಸ್ವಾಮಿ ಸತ್ತು ಮೂರನೇ ದಿನ ಎದ್ದು ಬಂದ್ರು ಅನ್ನೋದು ಕ್ರೈಸ್ತ ನಂಬಿಕೆಯ ತಾಯಿಬೇರು. ಕ್ರಿಸ್ತ ಎದ್ದಿಲ್ಲ ಅಂದ್ರೆ ನಿಮ್ಮ ನಂಬಿಕೆನೇ ವ್ಯರ್ಥ ಅಂತ ಮೊದಲ ತಲೆಮಾರಿನ ಕ್ರೈಸ್ತ ಪ್ರಚಾರಕ ಪೌಲ ಕೊರಿಂಥ ಅನ್ನೋ ಊರಿನ ಕ್ರೈಸ್ತರಿಗೆ ನೇರವಾಗೇ ಬರೆದಿದಾನೆ. ಅವನೇ ಇಷ್ಟು ಖಡಾಖಂಡಿತವಾಗಿ ಹೇಳಿರೋವಾಗ ಆ ಘಟನೆ ಬಗ್ಗೆ ಇತಿಹಾಸ ಏನು ಹೇಳುತ್ತೆ ಅಂತ ಕೆದಕಿ ನೋಡೋದು ಅಪನಂಬಿಕೆ ಹೇಗಾಗುತ್ತೆ? ನಾನು ನಂಬೋನು, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ಸಾಕ್ಷಿ ತೂಗೋವಾಗ ನಂಬದೇ ಇರೋನ ಪ್ರಶ್ನೆಗಳನ್ನೇ ಇಟ್ಕೊಂಡು ಕೂತೆ, ಇಲ್ಲಾಂದ್ರೆ ತೂಗಿದ್ದಕ್ಕೆ ಅರ್ಥ ಇರಲ್ಲ.

ಮೊದಲು ಮಾಡಿದ್ದು ಬೈಬಲಿನ ಕ್ರಮ ಬಿಟ್ಟು ಬರೆದ ಕಾಲದ ಕ್ರಮದಲ್ಲಿ ಓದಿದ್ದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ತೆಗೆದ್ರೆ ಮತ್ತಾಯ ಮೊದಲು ಸಿಗ್ತಾನೆ, ಆದ್ರೆ ಪೌಲನ ಪತ್ರಗಳೇ ಹಳೇವು, ಕ್ರಿ.ಶ. 50ರ ದಶಕದವು, ಆಮೇಲೆ 70ರ ಆಸುಪಾಸಿನಲ್ಲಿ ಮಾರ್ಕ, ಆಮೇಲೆ ಮತ್ತಾಯ ಲೂಕ, ಕೊನೇಲಿ ಯೋಹಾನ ಅಂತ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಒಂದು ನೋಟ್‌ಬುಕ್‌ನಲ್ಲಿ ಒಂದೊಂದು ಸಾಕ್ಷಿಗೂ ಒಂದೊಂದು ಪುಟ ಇಟ್ಟೆ. ಯಾರು ಹೇಳ್ತಿರೋದು, ಘಟನೆ ಆಗಿ ಎಷ್ಟು ವರ್ಷಕ್ಕೆ, ಕಂಡಿದ್ದಾ ಕೇಳಿದ್ದಾ, ಹೀಗೆ ಹೇಳಿದ್ರಿಂದ ಅವನಿಗೆ ಸಿಕ್ಕಿದ್ದೇನು ಕಳ್ಕೊಂಡಿದ್ದೇನು. ಇಷ್ಟೇ. ಈ ಕ್ರಮ ಬದಲಾಯಿಸಿದ್ದೇ ತಡ, ಚಿತ್ರನೇ ಬೇರೆ ಆಗೋಯ್ತು.

ಯಾಕಂದ್ರೆ ಯೇಸುವಿನ ಕಥೆ ಹೇಳೋ ಆ ನಾಲ್ಕು ಪುಸ್ತಕಗಳಿಂದ, ಅಂದ್ರೆ ಸುವಾರ್ತೆಗಳಿಂದ ಶುರು ಮಾಡಿದ್ರೆ ಮೊದಲು ಸಿಗೋದು ಖಾಲಿ ಸಮಾಧಿ, ಪೌಲನಿಂದ ಶುರು ಮಾಡಿದ್ರೆ ಮೊದಲು ಸಿಗೋದು ಮನುಷ್ಯರ ಹೆಸರು. ಒಂದನೇ ಕೊರಿಂಥ 15ನೇ ಅಧ್ಯಾಯದ 3ರಿಂದ 8ನೇ ವಚನ ತೆಗೆದು ನೋಡಿ. ಕ್ರಿಸ್ತ ಸತ್ತರು, ಹೂಣಲ್ಪಟ್ಟರು, ಮೂರನೇ ದಿನ ಎಬ್ಬಿಸಲ್ಪಟ್ಟರು, ಕೇಫನಿಗೆ (ಅಂದ್ರೆ ಪೇತ್ರನಿಗೆ) ಕಾಣಿಸಿಕೊಂಡರು, ಆಮೇಲೆ ಹನ್ನೆರಡು ಮಂದಿ ಶಿಷ್ಯರಿಗೆ, ಆಮೇಲೆ ಐನೂರಕ್ಕಿಂತ ಹೆಚ್ಚು ಸಹೋದರರಿಗೆ, ಯಾಕೋಬನಿಗೆ, ಎಲ್ಲಾ ಅಪೊಸ್ತಲರಿಗೆ, ಕಟ್ಟಕಡೆಗೆ ನನಗೂ ಅಂತಾನೆ. ಓದೋವಾಗಲೇ ಗೊತ್ತಾಗುತ್ತೆ ಇದು ಬಾಯಿಪಾಠಕ್ಕೆ ಅಂತ ಕಟ್ಟಿದ ಸಾಲುಗಳು ಅಂತ, ಪೌಲ ಕೂಡ ತನಗೆ ಬೇರೆಯವರಿಂದ ಬಂದಿದ್ದನ್ನೇ ನಿಮಗೆ ಒಪ್ಪಿಸಿದೀನಿ ಅಂತಾನೆ. ಪತ್ರ ಬರೆದಿದ್ದು 54-55ರ ಹೊತ್ತಿಗೆ ಎಫೆಸದಿಂದ, ಆದ್ರೆ ಆ ಸಾಲುಗಳು ಅದಕ್ಕಿಂತ ಎಷ್ಟೋ ಹಳೇವು.

ಎಷ್ಟು ಹಳೇವು ಅನ್ನೋಕೆ ಗಲಾತ್ಯದವರಿಗೆ ಬರೆದ ಪತ್ರ ಪಕ್ಕದಲ್ಲಿಟ್ಟು ಓದ್ಬೇಕು. ಅಲ್ಲಿ ಪೌಲ ತನ್ನ ಕಥೆ ಹೇಳ್ತಾ, ಕ್ರಿಸ್ತನ ಕರೆ ಬಂದು ಮೂರು ವರ್ಷಕ್ಕೆ ಜೆರುಸಲೇಮಿಗೆ ಹೋಗಿ ಕೇಫನ ಹತ್ರ ಹದಿನೈದು ದಿನ ಇದ್ದೆ, ಕರ್ತನ ತಮ್ಮ ಯಾಕೋಬನನ್ನೂ ನೋಡಿದೆ ಅಂತಾನೆ, ಅದೂ ನಾನು ಬರೀತಿರೋದು ಸುಳ್ಳಲ್ಲ ಅಂತ ದೇವರ ಮುಂದೆ ಆಣೆ ಇಟ್ಟು. ಶಿಲುಬೆಯ ಘಟನೆ 30 ಅಥವಾ 33ರದ್ದು ಅಂತಿಟ್ಕೊಂಡ್ರೆ ಈ ಭೇಟಿ ಹೊತ್ತಿಗೆ ಹತ್ತು ವರ್ಷನೂ ಆಗಿರಲಿಲ್ಲ. ಪುರಾತನ ಕಾಲದ ಎಷ್ಟೋ ಘಟನೆಗಳಿಗೆ ನೂರಾರು ವರ್ಷ ಆದ್ಮೇಲೆ ಬರೆದ ಪುಸ್ತಕವೇ ಗತಿ. ಇಲ್ಲಿ ನೋಡಿದ್ರೆ, ಹಿಂದೆ ಕ್ರೈಸ್ತ ಸಭೆಯನ್ನೇ ಹಿಂಸೆ ಮಾಡ್ತಿದ್ದ ಮನುಷ್ಯ ಮುಖ್ಯ ಸಾಕ್ಷಿಗಳ ಜೊತೆ ಮಾತಾಡಿ ಬಂದು ತಾನೇ ಆ ವಿಷಯ ಹೇಳ್ತಿದಾನೆ. ಇದಕ್ಕೆ ನಾನು ಪೂರ್ತಿ ತೂಕ ಕೊಟ್ಟೆ. ಐನೂರು ಜನಕ್ಕೆ ಅಷ್ಟು ಕೊಡಲಿಲ್ಲ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದಾರೆ ಅಂತ ಪೌಲ ಹೇಳಿದ್ರೂ ಬೇರೆ ಎಲ್ಲೂ ಆ ಪ್ರಸ್ತಾಪ ಬರಲ್ಲ, ಹೆಸರೂ ಇಲ್ಲ ಊರೂ ಇಲ್ಲ.

ಖಾಲಿ ಸಮಾಧಿ ವಿಷಯದಲ್ಲಿ ತಕ್ಕಡಿ ಅಷ್ಟು ಸುಲಭಕ್ಕೆ ಒಂದು ಕಡೆ ವಾಲಲ್ಲ. ಪೌಲ ಹೂಣಿದ್ದು ಹೇಳ್ತಾನೆ, ಸಮಾಧಿ ಖಾಲಿ ಅಂತ ಬಾಯಿಬಿಟ್ಟು ಹೇಳಲ್ಲ. ಮಾರ್ಕ ಹೇಳ್ತಾನೆ, ಆದ್ರೆ 4ನೇ ಶತಮಾನದ ಸಿನಾಯ್ಟಿಕಸ್ ಮತ್ತೆ ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಅವನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಹೋಗುತ್ತೆ, ಹೆಂಗಸರು ಹೆದರಿ ಓಡಿಹೋದ್ರು, ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಂದ ಮುಂದಿನ ವಚನಗಳು ಆಮೇಲೆ ಸೇರಿದ್ದು, ಹಾಗಾಗಿ ಅವನ್ನ ನಾನು ಸಾಕ್ಷಿಯ ಲೆಕ್ಕಕ್ಕೇ ತಗೊಳ್ಳಲಿಲ್ಲ. ಆದ್ರೆ ಮೊದಲು ಸಮಾಧಿಗೆ ಹೋದವರು ಹೆಂಗಸರು ಅನ್ನೋದನ್ನ ನಾಲ್ಕೂ ಸುವಾರ್ತೆ ಬಿಡದೇ ಹೇಳ್ತವೆ, ಅದನ್ನ ಹಗುರವಾಗಿ ತಗೊಳ್ಳೋಕೆ ನನ್ನಿಂದ ಆಗಲಿಲ್ಲ. ಹೆಂಗಸರ ಸಾಕ್ಷಿ ಒಪ್ಪಬಾರದು ಅಂತ ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದಿದಾನೆ, 2ನೇ ಶತಮಾನದಲ್ಲಿ ಸೆಲ್ಸಸ್ ಅನ್ನೋ ವಿಮರ್ಶಕ ಯಾವಳೋ ಒಬ್ಬ ಉನ್ಮಾದದ ಹೆಂಗಸು ಕಂಡಿದ್ದಂತೆ ಅಂತ ಇದನ್ನೇ ಹಿಡಿದು ಹಂಗಿಸಿದ. ಕಥೆ ಕಟ್ಟೋರಾಗಿದ್ರೆ ಪೇತ್ರನನ್ನೋ ಯೋಹಾನನನ್ನೋ ಮೊದಲು ಕಳಿಸ್ತಿದ್ರು, ಮಗ್ದಲದ ಮರಿಯಳನ್ನಲ್ಲ.

ಶಿಲುಬೆಗೆ ಹಾಕಿದವರನ್ನ ರೋಮನ್ನರು ಸಮಾಧಿ ಮಾಡೋಕೇ ಬಿಡ್ತಿರಲಿಲ್ಲ, ಹದ್ದು ನಾಯಿಗೆ ಬಿಡ್ತಿದ್ರು ಅನ್ನೋ ವಾದನೂ ಇದೆ, ಅದು ಸುಮ್ಮನೆ ತಳ್ಳಿಹಾಕೋ ವಾದ ಅಲ್ಲ. ಇದಕ್ಕೆ ಎದುರಾಗಿ ನಾನಿಟ್ಟಿದ್ದು ಒಂದು ಹಿಮ್ಮಡಿ ಮೂಳೆ. 1968ರಲ್ಲಿ ಜೆರುಸಲೇಮಿನ ಉತ್ತರಕ್ಕೆ ಗಿವತ್ ಹಾಮಿವ್ತಾರ್‌ನಲ್ಲಿ ಸಿಕ್ಕ ಕಲ್ಲಿನ ಅಸ್ಥಿ ಪೆಟ್ಟಿಗೆಯೊಳಗೆ ಯೆಹೋಹಾನಾನ್ ಅನ್ನೋನ ಮೂಳೆಗಳಿದ್ವು, ಹಿಮ್ಮಡಿಯಲ್ಲಿ ಕಬ್ಬಿಣದ ಮೊಳೆ ಹಾಗೇ ಸಿಕ್ಕಿಹಾಕೊಂಡಿತ್ತು, ತುದಿ ಬಾಗಿ. ಶಿಲುಬೆಗೇರಿದವನಿಗೂ ಮನೆಯವರು ಕ್ರಮವಾಗಿ ಸಮಾಧಿ ಮಾಡಿದ್ದಾರೆ. ಸೂರ್ಯ ಮುಳುಗೋದರೊಳಗೆ ಯೆಹೂದಿಗಳು ಅಂಥವರನ್ನ ಇಳಿಸಿ ಹೂಣ್ತಾರೆ ಅಂತ ಜೋಸೀಫಸ್ ಕೂಡ ಹೇಳ್ತಾನೆ. ಯೇಸುವಿಗೂ ಹಾಗೇ ಆಯ್ತು ಅಂತ ಇದರಿಂದ ಸಾಬೀತಾಗಲ್ಲ, ಆಗೋಕೆ ಸಾಧ್ಯವೇ ಇರಲಿಲ್ಲ ಅನ್ನೋ ಮಾತು ಮಾತ್ರ ಬಿದ್ದುಹೋಗುತ್ತೆ.

ಸುವಾರ್ತೆಗಳ ನಡುವಿನ ವ್ಯತ್ಯಾಸಗಳನ್ನ ಇಸ್ತ್ರಿ ಹೊಡೆದು ಸರಿಮಾಡೋ ಪ್ರಯತ್ನ ಮಾಡಲಿಲ್ಲ. ಹೆಂಗಸರು ಎಷ್ಟು ಜನ, ಸಮಾಧಿ ಹತ್ರ ಕಂಡ ದೂತ ಒಬ್ಬನಾ ಇಬ್ಬರಾ ಅನ್ನೋದು ದೊಡ್ಡದಲ್ಲ. ಆದ್ರೆ ಮತ್ತಾಯದಲ್ಲಿ ಶಿಷ್ಯರು ಗಲಿಲಾಯಕ್ಕೆ ಹೋಗಿ ನೋಡ್ತಾರೆ, ಲೂಕದಲ್ಲಿ ಎಲ್ಲಾ ಜೆರುಸಲೇಮಿನ ಆಸುಪಾಸಿನಲ್ಲೇ ಮುಗಿಯುತ್ತೆ, ಇದು ಸಣ್ಣದಲ್ಲ, ದೊಡ್ಡದು ಅಂತಲೇ ಬರೆದಿಟ್ಟೆ.

ಬೇರೆ ವಿವರಣೆಗಳನ್ನೂ ಇದೇ ತಕ್ಕಡೀಲಿ ಇಟ್ಟೆ. ಯೇಸು ಶಿಲುಬೆ ಮೇಲೆ ಸಾಯಲೇ ಇಲ್ಲ ಅನ್ನೋ ವಾದಕ್ಕೆ ಎದುರಾಗಿ ಜೋಸೀಫಸ್‌ನ ಆತ್ಮಕಥೆಯಲ್ಲೊಂದು ಪ್ರಸಂಗ ಇದೆ: ಶಿಲುಬೆ ಮೇಲಿದ್ದ ತನ್ನ ಪರಿಚಯದ ಮೂವರನ್ನ ನೋಡಿ ಅವನು ಕಣ್ಣೀರಿಟ್ಟು ರೋಮನ್ ಸೇನಾಪತಿ ಟೈಟಸ್‌ನನ್ನ ಬೇಡ್ಕೋತಾನೆ, ಇಳಿಸಿ ಚೆನ್ನಾಗಿ ಚಿಕಿತ್ಸೆ ಕೊಡಿಸಿದ್ರೂ ಇಬ್ಬರು ಸತ್ತು ಒಬ್ಬ ಉಳೀತಾನೆ. ಚಿಕಿತ್ಸೆ ಸಿಕ್ಕಿದ್ರೇ ಈ ಗತಿ. ಶಿಷ್ಯರು ಶವ ಕದ್ದರು ಅನ್ನೋ ಮಾತು ಮತ್ತಾಯನ ಕಾಲಕ್ಕೇ ಓಡಾಡ್ತಿತ್ತು, ಆದ್ರೆ ತಾವೇ ಕದ್ದಿದ್ದಕ್ಕೆ ಅಷ್ಟು ಕಷ್ಟ ಅನುಭವಿಸಿದ್ರು ಅಂದ್ರೆ ನನಗೆ ಒಪ್ಪಿಗೆ ಆಗಲ್ಲ. ಗಟ್ಟಿ ಪೈಪೋಟಿ ಕೊಡೋದು ದರ್ಶನದ ವಿವರಣೆ. ಹತ್ತಿರದವರು ತೀರಿಕೊಂಡಾಗ ದುಃಖದಲ್ಲಿರೋರಿಗೆ ಅವರು ಕಂಡ ಹಾಗಾಗೋದು, ಧ್ವನಿ ಕೇಳೋದು ನಿಜವಾಗಲೂ ಇದೆ. ಪೇತ್ರನ ವಿಷಯಕ್ಕೆ ಇದು ಸಾಕಾಗಬಹುದು. ದುಃಖವೇ ಇಲ್ಲದ ವೈರಿ ಪೌಲನಿಗೆ ಹೊಂದಲ್ಲ, ಗುಂಪಿಗೆ ಅಂತೂ ಕಷ್ಟಪಟ್ಟು ಹೊಂದಿಸಬೇಕು.

ಇಷ್ಟೆಲ್ಲಾ ಮಾಡಿದ್ಮೇಲೂ ಒಂದು ಗೆರೆ ಉಳೀತು. ಈ ಜನಕ್ಕೆ ಏನೋ ಆಯ್ತು, ಯೇಸು ಬದುಕಿದಾರೆ ಅಂತ ಅವರು ಮನಸಾರೆ ನಂಬಿದ್ರು ಅನ್ನೋವರೆಗೂ ಇತಿಹಾಸದ ಕೈ ಹಿಡಿದು ಹೋಗಬಹುದು. ದೇವರೇ ಎಬ್ಬಿಸಿದ್ದು ಅನ್ನೋ ಹೆಜ್ಜೆ ಇಡಬೇಕಾದ್ರೆ ದೇವರಿದಾನೆ, ಹೀಗೆ ಮಾಡ್ತಾನೆ ಅನ್ನೋ ನಂಬಿಕೆಗೆ ಮನಸ್ಸಿನಲ್ಲಿ ಮೊದಲೇ ಒಂದಿಷ್ಟು ಜಾಗ ಬೇಕು. ನನಗೆ ಆ ಜಾಗ ಇತ್ತು, ನಾನು ಹೆಜ್ಜೆ ಇಟ್ಟೆ. ಇಲ್ಲದವನು ಇದೇ ಪುಟಗಳನ್ನ ಓದಿ ಗೆರೆ ಹತ್ರ ನಿಂತರೆ ಅವನನ್ನ ಮೂರ್ಖ ಅನ್ನಲ್ಲ, ಜೊತೆಗೆ ಕೂತು ಇನ್ನೊಂದ್ಸಲ ಓದ್ತೀನಿ.

ಯಾರಾದ್ರೂ ಒಂದೇ ಒಂದು ಸಾಕ್ಷಿ ಹೇಳು ಅಂದ್ರೆ ನಾನು ಹೇಳೋದು ಯಾಕೋಬನ ಹೆಸರು. ಯೇಸುವಿಗೆ ಬುದ್ಧಿ ಕೆಟ್ಟಿದೆ ಅಂತ ಮನೆಯವರೇ ಹಿಡ್ಕೊಂಡು ಹೋಗೋಕೆ ಬಂದಿದ್ದನ್ನ ಮಾರ್ಕ ಬರೆದಿದಾನೆ, ತಮ್ಮಂದಿರು ನಂಬಲಿಲ್ಲ ಅಂತ ಯೋಹಾನ. ಅದೇ ಮನೆಯ ತಮ್ಮ ಮುಂದೆ ಜೆರುಸಲೇಮ್ ಸಭೆಯ ಮುಖಂಡನಾಗಿರೋದನ್ನ ಪೌಲ ಕಣ್ಣಾರೆ ನೋಡಿದಾನೆ, 62ರಲ್ಲಿ ಮಹಾಯಾಜಕ ಅನನಸ್ ಅವನ ಮೇಲೆ ಕಲ್ಲೆಸೆದು ಕೊಲ್ಲಿಸಿದ್ದನ್ನ ಕ್ರೈಸ್ತನೇ ಅಲ್ಲದ ಜೋಸೀಫಸ್ ದಾಖಲಿಸಿದಾನೆ. ನಡುವೆ ಏನಾಯ್ತು ಅನ್ನೋದಕ್ಕೆ ಸಿಗೋ ಅತಿ ಹಳೇ ಉತ್ತರ ಪೌಲನ ಆ ಪಟ್ಟಿಯಲ್ಲೇ ಇದೆ, ಯಾಕೋಬನಿಗೆ ಕಾಣಿಸಿಕೊಂಡರು ಅಂತ.